ಗೊತ್ತಿಲ್ಲದ ವಾಸನೆ

...ಅಥವಾ ಮಗಳು ಹೇಸಿಕೊಂಡು "ಈವ್" ಅಂದದ್ದು ಆಮೇಲೆ ಇರಬಹುದು. ಅಪ್ಪ ನಿಂತದ್ದು ಮಾತ್ರ ಖಚಿತ. ಅಮೆರಿಕದ ಡುಲುತ್‌ನ ಒಂದು ಪಾರ್ಕಿಂಗ್ ಲಾಟಿನಲ್ಲಿ ಕಣ್ಣು ಮುಚ್ಚಿಕೊಂಡು, ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು, ನನ್ನ ಕೈ ಹಿಡಿದು ನಡೆಯುತ್ತಿದ್ದವರು ಚೀನೀ ತಿಂಡಿಯ ಟೆಂಟೊಂದರ ಮುಂದೆ ಗಕ್ಕನೆ ನಿಂತು "ಬಂತು" ಅಂದರು. ಇಷ್ಟನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಅದಕ್ಕೆ ಅರೆಗಳಿಗೆ ಮೊದಲು ಏನಾಯಿತು ಎಂದು ಕೇಳಿದರೆ ನೆನಪು ಪ್ರತಿ ಸಲ ಬೇರೆ ಕಥೆ ಹೇಳುತ್ತದೆ. ನನಗೆ ಬೇಕಿರುವುದು ಆ ಅರೆಗಳಿಗೆಯೇ.

ಅಪ್ಪನ ಮೂಗು ಹೋಗಿತ್ತು. ಮೈಸೂರಿನಲ್ಲಿ ಅಪ್ಪ ಮತ್ತು ಚಿಕ್ಕಪ್ಪ ಸೇರಿ ನಡೆಸುವ ಸಣ್ಣ ಊದುಬತ್ತಿ ಕಾರ್ಖಾನೆ ಇದೆ. ಮಾರಾಟ, ಓಡಾಟ, ಜಗಳ ಎಲ್ಲ ಚಿಕ್ಕಪ್ಪನದು. ಯಾವ ಎಣ್ಣೆಗೆ ಯಾವುದು ಸೇರಬೇಕು, ಈ ಸಲದ ಮಲ್ಲಿಗೆ ಹೋದ ಸಲದ್ದರ ಹಾಗೇ ಇದೆಯೇ ಎಂದು ತೀರ್ಮಾನಿಸುವುದು ಅಪ್ಪನ ಮೂಗು. ನಮ್ಮನ್ನು ನೋಡಿಕೊಂಡು ಹೋಗಲು ಬಂದವರು, ವಿಮಾನಗಳು ನಿಂತದ್ದರಿಂದ ಇಲ್ಲೇ ಉಳಿದರು. ಆ ಚಳಿಗಾಲದಲ್ಲಿ ಮನೆಗೆ ಕೋವಿಡ್ ಬಂತು. ಅಪ್ಪ, ನಾನು, ನನ್ನ ಗಂಡ, ಮಗಳು ಎಲ್ಲರೂ ಮಲಗಿದೆವು, ಎಲ್ಲರೂ ಎದ್ದೆವು. ಅದೇ ದೊಡ್ಡದು ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಹೊಗೆ ಅಲಾರಂ ಬಡಿದುಕೊಳ್ಳತೊಡಗಿತು. ಮಹಡಿಯಿಂದ ಓಡಿ ಬಂದೆ. ಸ್ಟವ್ ಮೇಲೆ ಪಾತ್ರೆಯಲ್ಲಿದ್ದ ಹಾಲು ಸೀದು ಕಪ್ಪಾಗಿತ್ತು. ಎರಡು ಮಾರು ದೂರದಲ್ಲಿ ಅಪ್ಪ ಫೋನಿನಲ್ಲಿ ಪೇಪರ್ ಓದುತ್ತಿದ್ದವರು ತಲೆಯೆತ್ತಿ ಅಲಾರಮ್ಮನ್ನು ನೋಡುತ್ತಿದ್ದರು.

"ಅಪ್ಪ, ಹಾಲು!"

"ಉಕ್ಕಿತಾ?"

"ಉಕ್ಕೋದೇನು, ಸೀದು ಕರಕಲಾಗಿದೆ. ವಾಸನೆ ಬರ್ಲಿಲ್ವಾ?"

ಅಪ್ಪ ಪಾತ್ರೆಯನ್ನು ನೋಡಿದರು. ನನ್ನನ್ನು ನೋಡಲಿಲ್ಲ. "ಜ್ವರ ಬಿಟ್ಟಾಗಿಂದ ಬರ್ತಿಲ್ಲ ಕಣಮ್ಮ" ಅಂದರು.

ಬರಬಹುದು, ತಡವಾಗಬಹುದು, ಬಾರದೆಯೂ ಇರಬಹುದು, ದಿನಾ ಏನನ್ನಾದರೂ ಮೂಸುತ್ತಿರಿ ಎಂದರು ವಿಡಿಯೋದಲ್ಲಿ ಡಾಕ್ಟರು. ನಾನು ಹಿಂಗಿನ ಡಬ್ಬಿ, ಕಾಫಿ ಪುಡಿ, ಏಲಕ್ಕಿ ಹಿಡಿದುಕೊಂಡು ಅವರ ಹಿಂದೆ ಬಿದ್ದೆ. ಅಪ್ಪ ಮೂಸಿ, "ಹೂಂ, ಕಾಫಿ. ಸ್ವಲ್ಪ ಬಂದಂಗಿದೆ" ಅನ್ನುತ್ತಿದ್ದರು. ಒಂದು ದಿನ ಕಾಫಿ ಡಬ್ಬಿಗೆ ಮೆಂತ್ಯದ ಪುಡಿ ಹಾಕಿ ಮೂಗಿಗೆ ಹಿಡಿದೆ. "ಕಾಫಿ. ಇವತ್ತು ಚೆನ್ನಾಗಿ ಬರ್ತಿದೆ" ಅಂದರು.

ಸುಳ್ಳು ಹೇಳಿದರು ಅಂದುಕೊಂಡೆ. ಅವರೇ ಡಬ್ಬಿಯೊಳಗೆ ಇಣುಕಿ ನೋಡಿದಾಗ ಮುಖ ಬಿಳುಚಿತು. ಆಗ, ಸುಳ್ಳಲ್ಲ ಅನ್ನಿಸಿತು. ಡಬ್ಬಿ ನೋಡಿದ ಕೂಡಲೇ ಅವರ ತಲೆ ತಾನೇ ಕಾಫಿಯ ವಾಸನೆ ಮಾಡಿಕೊಂಡಿತ್ತು. ಇದು ಇನ್ನೂ ಹೆದರಿಕೆಯ ವಿಷಯ. ಮೈಸೂರಿನಲ್ಲಿ ಅಪ್ಪನಿಗೆ ಪರಿಚಯವಿಲ್ಲದ ಬಾಟಲಿಯೇ ಇಲ್ಲ. ಪ್ರತಿ ಬಾಟಲಿಯೂ ಅವರಿಗೆ ನಂಬಿಕೆಯಾಗುವಂತೆ ಸುಳ್ಳು ಹೇಳಬಹುದು. ಆ ನಂಬಿಕೆಯ ಮೇಲೆ ಕಾರ್ಖಾನೆ ನಡೆಯಬೇಕು, ಎರಡು ಮನೆ ಊಟ ಮಾಡಬೇಕು. ಅಲ್ಲಿನ ಎಣ್ಣೆಗಳೆಲ್ಲ ಒಂದು ಕಿಡಿಗಾಗಿ ಕಾದು ಕೂತಿರುವಂಥವು. ಏನಾದರೂ ಸೋರಿದರೆ, ಸುಟ್ಟರೆ, ಮೊದಲು ಗೊತ್ತಾಗಬೇಕಾದದ್ದು ಅದೇ ಮೂಗಿಗೆ.

ಚಿಕ್ಕಪ್ಪನಿಗೆ ಅಪ್ಪ ಹೇಳಿರಲಿಲ್ಲ. ಫೋನ್ ಸ್ಪೀಕರಿನಲ್ಲಿ ಆ ದನಿ ಅಡುಗೆಮನೆ ತುಂಬ ಕೇಳುತ್ತಿತ್ತು: "ಅಣ್ಣ, ಬರೋದ್ಯಾವಾಗ? ನಿಮ್ ಚಂದನಕ್ಕೂ ಗುಲಾಬಿಗೂ ವ್ಯತ್ಯಾಸಾನೇ ಇಲ್ಲ ಅಂತ ಗಿರಾಕಿಗಳು ಬೈತಿದಾರೆ."

"ನೀನ್ ಮಾಡಿದ್ರೆ ಇನ್ನೇನಾಗತ್ತೆ? ತಡಿಯೋ, ಫ್ಲೈಟ್ ಸಿಗ್ಬೇಕಲ್ಲ."

ಆ ಹೊತ್ತಿಗೆ ಫ್ಲೈಟ್ ಸಿಗುತ್ತಿತ್ತು. ಫೋನಿಟ್ಟ ಮೇಲೆ ಅಪ್ಪ ನನಗೆ ಹೇಳಿದರು: "ಮೂಗು ಬಂದ್ರೆ ಹೋಗ್ತೀನಿ. ಬರ್ದಿದ್ರೆ ಹೋಗಿ ಏನ್ ಮಾಡ್ಲಿ, ಗೇಟ್ ಕಾಯ್ಲಾ?" ಕಾಫಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ಈ ಡಬ್ಬಿಗಳಿಂದ ಆಗಲ್ಲಮ್ಮ. ನಂಗೆ ಗೊತ್ತೇ ಇಲ್ದಿರೋ ವಾಸನೆ ಬೇಕು" ಅಂದರು.

ಈ ಮಾತನ್ನು ಅವರು ಅಂದರೋ, ನಾನೇ ಅಂದು ಅವರ ಬಾಯಲ್ಲಿ ಇಟ್ಟೆನೋ, ಅದೂ ಈಗ ಸ್ಪಷ್ಟವಿಲ್ಲ. ನಾನೇ ಅಂದಿದ್ದರೆ, ಪಾರ್ಕಿಂಗ್ ಲಾಟಿನಲ್ಲಿ ನಡೆದ ಆ ಪರೀಕ್ಷೆ ಬೇಕಾಗಿದ್ದುದು ನನಗೆ.

ವಸಂತ ಬಂದಿತ್ತು, ಅಪ್ಪನಿಗೆ ಲಸಿಕೆಯೂ ಆಗಿತ್ತು. ನಮ್ಮ ಮನೆಯ ಹತ್ತಿರದ ಪ್ಲಾಜಾದಲ್ಲಿ ಒಳಗೆ ಕೂತು ತಿನ್ನಲು ಜನ ಇನ್ನೂ ಹೆದರುತ್ತಿದ್ದರಿಂದ, ಚೀನೀ ಅಂಗಡಿಯವರು ಶನಿವಾರ ಮಧ್ಯಾಹ್ನ ಪಾರ್ಕಿಂಗ್ ಲಾಟಿನಲ್ಲಿ ಟೆಂಟ್ ಹಾಕುತ್ತಿದ್ದರು. ತಮ್ಮೂರಿನ ಬೀದಿಗಳಲ್ಲಿ ಮಾರುವ ತಿಂಡಿಗಳು, ಮೊದಲ ಸಲ ಬಂದವರು ಧೈರ್ಯವಾಗಿ ತಿಂದು ನೋಡಿ ಎಂದು ಬೋರ್ಡು ಬೇರೆ. ನಮ್ಮದು ಮಾಂಸ, ಮೊಟ್ಟೆ ತಿನ್ನುವ ಮನೆ, ಹಾಗಾಗಿ ಆ ತಲೆನೋವಿರಲಿಲ್ಲ. ಅಪ್ಪ ಕಾರಿನಿಂದ ಇಳಿದ ಕೂಡಲೇ ಸುತ್ತ ನೋಡಿ, "ಎಲ್ಲಿ, ಗೋಬಿ ಮಂಚೂರಿ ಕಾಣ್ತಾನೇ ಇಲ್ಲ?" ಅಂದರು.

"ತಾತ, ದಟ್ಸ್ ನಾಟ್ ಈವನ್ ಚೈನೀಸ್" ಅಂದಳು ಮಗಳು.

"ಮೈಸೂರಿಗೆ ಬಾ, ಗಾಡಿ ಮೇಲೆ ಬರ್ದಿರೋದು ತೋರಿಸ್ತೀನಿ."

ಆ ಜೋಕಿಗೆ ನಾನು ಅಗತ್ಯಕ್ಕಿಂತ ಜೋರಾಗಿ ನಕ್ಕೆ. ಮಗಳು ಸಕ್ಕರೆ ಪಾಕ ಗಾಜಿನಂತೆ ಗಟ್ಟಿಯಾಗಿದ್ದ ಸ್ಟ್ರಾಬೆರಿಗಳ ಕಡ್ಡಿ ತೆಗೆದುಕೊಂಡಳು. ಅಪ್ಪ ಕರಿದ ಎಳ್ಳಿನ ಉಂಡೆ ಕಚ್ಚಿ, ಒಳಗಿನ ಕೆಂಪು ಕಾಳಿನ ಹೂರಣ ನೋಡಿ, "ಸುಕ್ಕಿನುಂಡೆ. ಹೊರಗಡೆ ಅಂಟಂಟು ಅಷ್ಟೆ" ಅಂದರು. ಆಮೇಲೆ ಖಾರದೆಣ್ಣೆ ಸುರಿದ, ತಣ್ಣಗಿನ ಅಗಲ ನೂಡಲ್ಸ್. ಒಂದು ತುತ್ತು ತಿಂದವರ ಕಣ್ಣು ಅಗಲವಾಯಿತು. "ಜುಮ್ ಅಂತಿದೆ!"

"ವಾಸನೆ ಬಂತಾ?"

"ಜುಮ್ ಅನ್ನೋದು ನಾಲಿಗೆಗಮ್ಮ. ಕರೆಂಟ್ ಹೊಡ್ದಂಗೆ. ವಾಸನೆ ಎಲ್ಲಿ ಬಂತು ಅಂದೆ ನಾನು?" ಇಷ್ಟು ಕಟ್ಟುನಿಟ್ಟಾಗಿ ಬೇರೆ ಮಾಡಿ ಹೇಳಿದವರು ಮುಂದೆ ಸುಮ್ಮನೆ "ಬಂತು" ಅನ್ನುತ್ತಾರೆಯೇ? ಇದನ್ನು ನಾನು ಅವರ ಪರವಾಗಿ ಎಷ್ಟೋ ಸಲ ನನ್ನೊಡನೆಯೇ ವಾದಿಸಿದ್ದೇನೆ.

ಕಣ್ಣು ಮುಚ್ಚಿಕೊಂಡು ನಡೆಯುವುದು ಅಪ್ಪನ ಯೋಚನೆ. ಯಾವ ಟೆಂಟ್ ಎಲ್ಲಿದೆ ಎಂದು ಹೇಳಬಾರದು, ವಾಸನೆ ಬಂದಾಗ ತಾವೇ ನಿಲ್ಲುತ್ತಾರೆ. ನಾನು ಅವರ ಎಡಗೈ ಹಿಡಿದೆ. ಮಗಳು ಕಡ್ಡಿ ಚೀಪುತ್ತ ಪಕ್ಕದಲ್ಲಿ ಬಂದಳು. ಈರುಳ್ಳಿ ಸೊಪ್ಪಿನ ರೊಟ್ಟಿ ಬೇಯಿಸುವಲ್ಲಿ ಅಪ್ಪ ನಿಲ್ಲಲಿಲ್ಲ. ಚಹಾ ಮತ್ತು ಸೋಯಾದಲ್ಲಿ ಕುದಿಯುವ ಮೊಟ್ಟೆಯ ಹತ್ತಿರವೂ ಇಲ್ಲ. ಮುಂದಿನದು ಹುದುಗು ಬರಿಸಿದ ಟೋಫು, ಅಂದರೆ ಸೋಯಾ ಪನೀರು, ಕರಿಯುವ ಟೆಂಟು. ಆ ತಿಂಡಿಯ ಹೆಸರೇ 'ನಾತದ ಟೋಫು'. ಮಾಸ್ಕಿನೊಳಗೂ ನನಗೆ ಹೊಡೆಯಿತು.

ಅಲ್ಲಿ ಅಪ್ಪ ನಿಂತರು.

ಒಂದು ನೆನಪಿನಲ್ಲಿ ಅವರು ನಿಂತು, "ಬಂತು" ಅಂದ ಮೇಲೆ ಮಗಳು "ಈವ್, ಇಟ್ ಸ್ಮೆಲ್ಸ್ ಲೈಕ್ ಸಾಕ್ಸ್!" ಅನ್ನುತ್ತಾಳೆ. ಇನ್ನೊಂದರಲ್ಲಿ ಅವಳು ಮೊದಲು ಕೂಗುತ್ತಾಳೆ, ಅವರು ಆಮೇಲೆ ನಿಲ್ಲುತ್ತಾರೆ. ಇತ್ತೀಚೆಗೆ ಮೂರನೆಯದು ಶುರುವಾಗಿದೆ. ಅದರಲ್ಲಿ ಮಗಳೇ ಇಲ್ಲ. ನನ್ನ ಮೂಗಿಗೆ ನಾತ ಬಡಿದ ಕೂಡಲೇ ನನ್ನ ಬೆರಳುಗಳು ಬಿಗಿಯಾಗುತ್ತವೆ. ಬೆರಳುಗಳಿಂದಲೇ ಓದಿಕೊಂಡು ಅಪ್ಪ ನಿಲ್ಲುತ್ತಾರೆ.

"ಏನು ಬಂತಪ್ಪ? ಹೇಗಿದೆ?"

"ಒದ್ದೆ ಗೋಣಿಚೀಲ. ಹುಳಿ ಹೆಚ್ಚಾದ ದೋಸೆ ಹಿಟ್ಟು. ಅದರ ಕೆಳಗೆ ಇನ್ನೇನೋ ಇದೆ, ಚರ್ಮದ್ದು."

ಇದು ಅಪ್ಪನ ಮಾತೇ ಎಂದು ಎಷ್ಟೋ ದಿನ ನಂಬಿದ್ದೆ. ಈಗ ಬೆಳೆದು ನನ್ನ ಎತ್ತರಕ್ಕೆ ಬಂದಿರುವ ಮಗಳನ್ನು ಕೇಳಿದರೆ, "ನೋ ಅಮ್ಮ, ನೀನೇ ಕೇಳಿದ್ದು, ದೋಸೆ ಹಿಟ್ಟಿನ ತರಾನಾ ಅಂತ. ತಾತ ಜಸ್ಟ್ ಸೆಡ್ ಹೌದು" ಅನ್ನುತ್ತಾಳೆ. ಸಾಕ್ಸ್ ಮಾತು ಮೊದಲೋ ಆಮೇಲೋ ಎಂದು ಅವಳಿಗೂ ಖಚಿತವಿಲ್ಲ.

ಟೋಫು ಮಾರುತ್ತಿದ್ದ ಹೆಂಗಸಿಗೆ ನನ್ನಷ್ಟೇ ವಯಸ್ಸು. ಅಪ್ಪ ಒಂದು ತಟ್ಟೆ ಮುಗಿಸಿ ಇನ್ನೊಂದು ಕೇಳಿದಾಗ ಆಕೆ ನಕ್ಕು ನನಗೆ, "ಫಸ್ಟ್ ಟೈಮ್, ಎವ್ರಿಬಡಿ ಕವರ್ ನೋಸ್. ಹಿ ಡೋಂಟ್ ಕವರ್" ಅಂದಳು. ಅಪ್ಪ ಹೆಮ್ಮೆಯಿಂದ, "ವೆರಿ ಗುಡ್ ಸ್ಮೆಲ್, ಮೇಡಂ!" ಅಂದರು.

ನಾನೂ ಅದನ್ನು ಗಮನಿಸಿದ್ದೆ. ಮೂಗು ಮುಚ್ಚಲಿಲ್ಲ, ಮುಖ ಕಿವುಚಲಿಲ್ಲ. ಜೀವನವಿಡೀ ಯಾವ ವಾಸನೆಗೂ ಮುಖ ತಿರುಗಿಸದೆ, ಅದರೊಳಗೆ ಏನಿದೆ ಎಂದು ಹುಡುಕಿದವರು ಹಾಗೆ ನಿಲ್ಲುವುದು ಸಹಜ. ಯಾವ ವಾಸನೆಯೂ ಬಾರದವರು ನಿಲ್ಲುವುದೂ ಹಾಗೆಯೇ.

ಕಾರಿನಲ್ಲಿ ಅಪ್ಪ ಚಿಕ್ಕಪ್ಪನಿಗೆ ಫೋನ್ ಮಾಡಿ, "ಬರ್ತಿದೀನಿ ಕಣೋ, ಟಿಕೆಟ್ ನೋಡ್ತಿದಾಳೆ" ಅಂದರು. ನಾನಿನ್ನೂ ನೋಡಿರಲಿಲ್ಲ. ಇನ್ನೊಮ್ಮೆ ಪರೀಕ್ಷೆ ಮಾಡೋಣ, ಈ ಸಲ ಕೈ ಹಿಡಿಯುವುದಿಲ್ಲ, ಮಗಳನ್ನು ಕರೆತರುವುದಿಲ್ಲ ಎಂದು ಹೇಳಬೇಕೆಂದುಕೊಂಡೆ. ಕನ್ನಡಿಯಲ್ಲಿ ಅವರ ಮುಖ ನೋಡಿದೆ. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು. ಮನೆಗೆ ಬಂದು ಟಿಕೆಟ್ ಬುಕ್ ಮಾಡಿದೆ.

ಅಪ್ಪ ಈಗ ಮೈಸೂರಿನಲ್ಲಿ ಮೊದಲಿನ ಜಾಗದಲ್ಲೇ ಕೂರುತ್ತಾರೆ. ಅಣ್ಣ ಬಂದ ಮೇಲೆ ಗಿರಾಕಿಗಳ ಬೈಗುಳ ನಿಂತಿತು ಅನ್ನುತ್ತಾರೆ ಚಿಕ್ಕಪ್ಪ. ಕೆಲಸ ಕಲಿಯಲೆಂದು ಚಿಕ್ಕಪ್ಪನ ಸೊಸೆ ಅಪ್ಪನ ಪಕ್ಕದಲ್ಲಿ ಕೂರುತ್ತಾಳಂತೆ. ಪ್ರತಿ ಬಾಟಲಿಯನ್ನೂ ಮೊದಲು ಅವಳ ಕೈಗೆ ಕೊಟ್ಟು, "ಏನನ್ಸತ್ತೆ, ಹೇಳು" ಎಂದು ಕೇಳುತ್ತಾರಂತೆ. ಕಲಿಸುವವರು ಕೇಳುವುದೂ ಹಾಗೆಯೇ ಅಲ್ಲವೇ? ಫೋನಿನಲ್ಲಿ ಒಮ್ಮೆ ನೇರವಾಗಿ ಕೇಳಿದೆ. "ಬಂತು ಅಂದ್ನಲ್ಲಮ್ಮ ಅವತ್ತೇ" ಅಂದು ಮಗಳ ಸ್ಕೂಲಿನ ವಿಷಯ ತೆಗೆದರು.

ಆ ಮಧ್ಯಾಹ್ನ ಅಪ್ಪನಿಗೆ ವಾಸನೆ ಬಂದಿತ್ತೋ ಇಲ್ಲವೋ, ಈಗ ಬರುತ್ತಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.