ಒಪ್ಪತ್ತಿನ ಉದ್ಯಾಪನೆ

ಡಿಸೆಂಬರ್ 8, ಭಾನುವಾರ, ಬೆಳಗ್ಗೆ 7.20. ತಂಗಿ ಇನ್ನೂ ಎದ್ದಿಲ್ಲ. ಅವಳಿಗೆ ಹದಿನಾರು ವರ್ಷ. ಅವಳು ಊಟ ಬಿಟ್ಟದ್ದು ಹೇಗೆ ಎಂಬುದನ್ನು ಮೊದಲಿನಿಂದ ಬರೆದು ನೋಡೋಣವೆಂದು ಕೂತಿದ್ದೇನೆ.

ನಾವು ಮೈಸೂರು ಕಡೆಯವರು, ಮನೆ ಬೊರಿವಲಿಯಲ್ಲಿ. ಅಮ್ಮ ಮದುವೆಯಾದಾಗಿನಿಂದ ಶನಿವಾರ ಒಪ್ಪತ್ತು ಮಾಡುತ್ತಾಳೆ. ಮಧ್ಯಾಹ್ನ ಒಂದೇ ಹೊತ್ತು ಊಟ, ರಾತ್ರಿ ಒಂದಿಷ್ಟು ಅವಲಕ್ಕಿ. ಒಪ್ಪತ್ತಿನವರನ್ನು ತಿನ್ನು ಎಂದು ಬಲವಂತ ಮಾಡಬಾರದು. ಈ ಮಾತನ್ನು ಕೇಳುತ್ತಲೇ ನಾವಿಬ್ಬರೂ ಬೆಳೆದೆವು.

ಜುಲೈಯಲ್ಲಿ ತಂಗಿ ಅಂಧೇರಿಯ ಜೂನಿಯರ್ ಕಾಲೇಜು ಸೇರಿದಳು. ಮೊದಲ ತಿಂಗಳಲ್ಲೇ ಮಾತು ಕಡಿಮೆಯಾಯಿತು. ಸಂಜೆ ಬಂದವಳು ಬ್ಯಾಗನ್ನೂ ಇಳಿಸದೆ ಮಂಚದ ಮೇಲೆ ಕೂತುಬಿಡುತ್ತಿದ್ದಳು. ಶ್ರಾವಣ ಬಂತು, ಅಮ್ಮನ ಜೊತೆ ಶನಿವಾರ ಹಿಡಿದಳು. ಮರುವಾರ ಮರಾಠಿ ಗೆಳತಿಯರಂತೆ ಸೋಮವಾರ. ಗಣಪತಿ ಹಬ್ಬ ಕಳೆಯುವಷ್ಟರಲ್ಲಿ ಗುರುವಾರವೂ ಸೇರಿತು. ಪಕ್ಕದ ಮನೆಯ ಮರಾಠಿ ಕಾಕೂ ಲಿಫ್ಟಿನಲ್ಲಿ ಅವಳ ಗಲ್ಲ ಹಿಡಿದು "ಕಿತೀ ಗುಣಾಚೀ ಮುಲ್ಗೀ!", ಎಷ್ಟು ಗುಣವಂತ ಹುಡುಗಿ, ಎಂದು ಹೊಗಳಿದಾಗ ಅಮ್ಮನ ಮುಖ ಅರಳಿತ್ತು. ನವರಾತ್ರಿಗೆ ಒಂಬತ್ತೂ ದಿನ. ಆಮೇಲೆ ಅವಲಕ್ಕಿಯೂ ನಿಂತಿತು.

"ಇವತ್ತು ಯಾವ ದೇವರದ್ದೇ?" ಎಂದೆ ಒಂದು ಮಂಗಳವಾರ.

"ಅಕ್ಕಾ, ಮೇರಾ ದಿಮಾಗ್ ಮತ್ ಖಾ."

"ನಿನ್ನ ಪಾಲಿನ ಚಪಾತಿನೂ ನಾನೇ ತಿಂದಾಯ್ತು. ಇನ್ನು ನಿನ್ನ ತಲೆ ಒಂದೇ ಬಾಕಿ."

ನಕ್ಕಳು. ನಾನು ಕಂಡಂತೆ ಅದೇ ಕೊನೆ. ಅಮ್ಮ ಅಡುಗೆಮನೆಯಿಂದ, "ಸುಮ್ನಿರೇ, ಮಗು ದೇವರ ಮೇಲೆ ಭಾರ ಹಾಕಿದೆ" ಎಂದಳು.

ದೀಪಾವಳಿಯ ನಂತರ ಅಂಧೇರಿ ಪ್ಲಾಟ್‌ಫಾರ್ಮಿನಲ್ಲಿ ತಲೆಸುತ್ತಿ ಬಿದ್ದಳು. ರಕ್ತದ ರಿಪೋರ್ಟ್ ನೋಡಿದ ನಮ್ಮ ಡಾಕ್ಟರು ಟಾನಿಕ್ ಒಂದೇ ಸಾಲದು, ಮನೋವೈದ್ಯರಿಗೂ ತೋರಿಸಿ ಎಂದರು. ಹೊಟ್ಟೆಗೆ ಬೀಳದಿದ್ದರೆ ಮನಸ್ಸು ಕುಗ್ಗುತ್ತದೆ, ಕುಗ್ಗಿದ ಮನಸ್ಸಿಗೆ ಊಟ ಬೇಡವಾಗುತ್ತದೆ, ಈ ವಯಸ್ಸಿನಲ್ಲಿ ಎರಡೂ ಬೇಗ ಹೆಣೆದುಕೊಳ್ಳುತ್ತವೆ ಎಂದರು. ಮೆಟ್ಟಿಲಿಳಿಯುವಾಗ ಅಮ್ಮ ಸಿಡುಕಿದಳು, "ವ್ರತ ಮಾಡೋರೆಲ್ಲಾ ಹುಚ್ಚರಂತಾ?"

ಆದರೂ ಅವತ್ತು ತಾನೇ ಅನ್ನ ಕಲಸಿ ತುತ್ತು ಹಿಡಿದು ನಿಂತಳು. ತಂಗಿ ಕೈ ಸರಿಸಿದಳು. "ನೀನೇ ಬೋಲಾ ನಾ, ಅಮ್ಮಾ? ಬಲವಂತ ಮಾಡ್ಬಾರ್ದು ಅಂತ?"

ಅಮ್ಮ ತುತ್ತನ್ನು ತಟ್ಟೆಗೆ ಹಾಕಿದಳು. ಅವಳಿಗೆ ತಿಳಿದ ದಾರಿ ಒಂದೇ, ಉದ್ಯಾಪನೆ. ಹಿಡಿದ ವ್ರತವನ್ನು ಪೂಜೆ ಮಾಡಿ, ನಾಲ್ಕು ಜನಕ್ಕೆ ಊಟ ಹಾಕಿ, ತಾನೂ ಉಂಡು ಮುಗಿಸುವುದು. ಹೋದ ಭಾನುವಾರ ಪುರೋಹಿತರು ಬಂದರು. ಹುಳಿ, ಕೋಸಂಬರಿ, ಗಸಗಸೆ ಪಾಯಸ. ತಂಗಿ ಸೀರೆಯುಟ್ಟು ಎಲ್ಲರಿಗೂ ಬಡಿಸಿದಳು. ರವಿಕೆಗೆ ಎರಡೂ ಕಡೆ ಪಿನ್ ಹಾಕಿದ್ದು ನಾನೇ. ಕೊನೆಗೆ ಎಲೆಯ ಮುಂದೆ ಕೂತು ಎರಡು ತುತ್ತು ತಿಂದಳು. ಮೂರನೆಯದನ್ನು ಕೈಯಲ್ಲೇ ಹಿಡಿದು ಅಳತೊಡಗಿದಳು.

"ಉಪವಾಸ ಅಂದ್ರೆ ಯಾರೂ ಏನೂ ಕೇಳ್ತಾ ಇರ್ಲಿಲ್ಲ. ಅದೂ ಕಿತ್ಕೊಂಡ್ರಿ."

ಏನು ಕೇಳಬಾರದಿತ್ತು ಎಂದು ಅವಳು ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

ಅಂದಿನಿಂದ ಯಾವ ವಾರಕ್ಕೂ ದೇವರ ಹೆಸರಿಲ್ಲ. ಸುಮ್ಮನೆ ತಿನ್ನುವುದಿಲ್ಲ. ಸೋಮವಾರದಿಂದ ನಿನ್ನೆಯವರೆಗೆ ನಾನು ಕಂಡಂತೆ ಅವಳ ಹೊಟ್ಟೆಗೆ ಹೋದದ್ದು ಅರ್ಧರ್ಧ ಲೋಟ ಮಜ್ಜಿಗೆ, ಬಿಸ್ಕತ್ತು, ಒಂದು ದಿನ ಬಾಳೆಹಣ್ಣು. ಕಾಲೇಜಿಗೂ ಹೋಗುತ್ತಿಲ್ಲ. ನಿನ್ನೆ ಶನಿವಾರ ಅಮ್ಮ ಮೊದಲ ಬಾರಿ ಒಪ್ಪತ್ತು ಬಿಟ್ಟು, ರಾತ್ರಿ ಅವಳೆದುರೇ ತಟ್ಟೆ ಇಟ್ಟುಕೊಂಡು ಉಂಡಳು. ತಂಗಿ ಗೋಡೆಯ ಕಡೆ ಹೊರಳಿದಳು.

ಸಾಂತಾಕ್ರೂಜ್‌ನ ಮನೋವೈದ್ಯರ ಬಳಿ ಬುಧವಾರಕ್ಕೆ ಸಮಯ ಸಿಕ್ಕಿದೆ. ಅಮ್ಮ ಒಪ್ಪಿದ್ದಾಳೆ. ತಂಗಿ ಬರುವುದಿಲ್ಲ ಎಂದಿದ್ದಾಳೆ. ಎತ್ತಿಕೊಂಡು ಹೋಗುವಷ್ಟು ಹಗುರಾಗಿದ್ದಾಳೆ, ಆದರೆ ಹಾಗೆ ಕರೆದೊಯ್ದರೆ ಅಲ್ಲಿ ಬಾಯಿ ಬಿಡುತ್ತಾಳೆಯೇ? ಇದನ್ನು ಓದುವ ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದು, ಅದು ಮತ್ತೆ ಊಟಕ್ಕೆ ಕೂತಿದ್ದರೆ, ಮೊದಲ ದಿನ ಅದನ್ನು ಬಾಗಿಲಾಚೆ ಹೇಗೆ ಕರೆದೊಯ್ದಿರಿ ಎಂದು ದಯವಿಟ್ಟು ಬರೆಯಿರಿ. ಬುಧವಾರದೊಳಗೆ ತಲುಪಿದರೆ ಒಳ್ಳೆಯದು.