ಚೆಂಡು ಹೆಕ್ಕಿದ ಮೇಷ್ಟ್ರು

ಫುರುಯಾ ಮೇಷ್ಟ್ರನ್ನು ನಾನು ಮೊದಲು ಕಂಡದ್ದು ಏಣಿಯ ಮೇಲಿಂದ. ಏಪ್ರಿಲ್ ತಿಂಗಳು, ಪೀಚ್ ಮರಗಳು ಹೂ ಬಿಟ್ಟಿದ್ದವು. ನಾನು ಪುಕ್ಕದ ಕುಚ್ಚು ಹಿಡಿದು ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುತ್ತಿದ್ದೆ. ಒತ್ತಿದರೆ ಹೂ ಉದುರುತ್ತದೆ, ಮುಟ್ಟದೇ ಹೋದರೆ ಕಾಯಿ ಕಟ್ಟುವುದಿಲ್ಲ. ನಮ್ಮ ತೋಟಕ್ಕೂ ಪ್ರೌಢಶಾಲೆಯ ಟೆನಿಸ್ ಕೋರ್ಟಿಗೂ ನಡುವೆ ಇರುವುದು ಒಂದು ತಂತಿ ಬೇಲಿ. ಚೆಂಡು ದಾಟಿ ಬರುವುದು ದಿನವೂ ಇದ್ದದ್ದೇ. ಮಕ್ಕಳು ಬೇಲಿಯ ಆಚೆಯಿಂದ ಕೂಗುತ್ತಾರೆ, ನಾನು ಎಸೆಯುತ್ತೇನೆ. ಅವತ್ತು ಮಾತ್ರ ಟೈ ಕಟ್ಟಿದ ಗಂಡಸೊಬ್ಬರು ಸುತ್ತು ಬಳಸಿಕೊಂಡು ಗೇಟಿನಿಂದಲೇ ಬಂದರು. ಏಣಿಯ ಕೆಳಗೆ ನಿಂತು ತಲೆ ಬಾಗಿಸಿ, ಚೆಂಡು ತೆಗೆದುಕೊಳ್ಳಲು ಅಪ್ಪಣೆ ಕೇಳಿದರು.

ತೆಗೆದುಕೊಂಡವರು ಹೋಗಲಿಲ್ಲ. ಚೆಂಡನ್ನು ಹಿಸುಕಿ ಹಿಸುಕಿ ನೋಡಿದರು.

"ಅಮ್ಮಾ, ಇದು ಇಷ್ಟು ಮೆತ್ತಗೇ ಇರ್ಬೇಕಾ, ಇಲ್ಲ ಗಾಳಿ ಹೋಗಿದ್ಯಾ?"

"ನೀವು ಟೆನಿಸ್ ಮೇಷ್ಟ್ರಲ್ವಾ?"

"ಹೌದಂತೆ. ಸೋಮವಾರದಿಂದ."

ನನಗೆ ಕುಚ್ಚು ಕೈಜಾರುವಷ್ಟು ನಗು ಬಂತು. ಅವರು ಸಂಗೀತದ ಮೇಷ್ಟ್ರು. ಹಳೆಯ ಟೆನಿಸ್ ಮೇಷ್ಟ್ರಿಗೆ ವರ್ಗವಾಗಿತ್ತು, ಆ ಜಾಗಕ್ಕೆ ಯಾರಾದರೂ ಬೇಕಿತ್ತು, ಕೈ ಖಾಲಿ ಇದ್ದವರು ಇವರು. ನಮ್ಮ ಕಡೆ ಶಾಲೆಗಳಲ್ಲಿ ಪಾಠ ಮುಗಿದ ಮೇಲಿನ ತಂಡಗಳಿಗೆ ಮೇಷ್ಟ್ರನ್ನು ಹಾಕುವುದು ಹಾಗೇ. ಕತ್ತಿವರಸೆ ಗೊತ್ತಿದ್ದವರಿಗೆ ಚಿತ್ರಕಲೆ ಬೀಳುತ್ತದೆ.

ಅಲ್ಲಿರುವುದು ಹುಡುಗಿಯರ ತಂಡ, ಆಡುವುದು ಬಿಳಿ ರಬ್ಬರ್ ಚೆಂಡಿನಲ್ಲಿ. ಅದಕ್ಕೆ ಗಾಳಿ ತುಂಬಬೇಕು. ಹಣೆಯ ಎತ್ತರದಿಂದ ಬಿಟ್ಟರೆ ಸೊಂಟದವರೆಗೆ ಏಳಬೇಕು. ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಮಕ್ಕಳು ದಿನಾ ಹಾಗೆ ಬಿಟ್ಟು ನೋಡುವುದು ನನ್ನ ಕಣ್ಣಿಗೆ ಬಿದ್ದಿತ್ತು, ಹೇಳಿದೆ. ಮೇಷ್ಟ್ರು ಅಲ್ಲೇ ಬಿಟ್ಟು ನೋಡಿದರು. ಚೆಂಡು ಮೊಣಕಾಲಿಗೂ ಬರಲಿಲ್ಲ.

ಆ ವಾರವೇ ಮತ್ತೆ ಬಂದು, ನಮ್ಮ ಹಣ್ಣು ತುಂಬಿಡುವ ಕೊಟ್ಟಿಗೆಯ ಹಿಂದಿನ ಗೋಡೆಯನ್ನು ಬೆಳಗಿನ ಹೊತ್ತು ಬಳಸಬಹುದೇ ಎಂದು ಕೇಳಿದರು. ಮಕ್ಕಳ ಕಣ್ಣೆದುರು ಕಲಿಯಲು ನಾಚಿಕೆ. ಒಂಟಿ ಹೆಂಗಸಿನ ಕೊಟ್ಟಿಗೆ, ಯಾರೂ ಆ ಕಡೆ ಸುಳಿಯುವುದಿಲ್ಲ. ಆಗಲಿ ಎಂದೆ. ಗೋಡೆಗೆ ಹೊಡೆದದ್ದು ಎಲ್ಲೆಲ್ಲಿಗೋ ಹಾರತೊಡಗಿದ ಮೇಲೆ ನಾನೇ ಬಕೆಟ್ಟು ಇಟ್ಟುಕೊಂಡು ಕೂತು, ಒಂದೊಂದೇ ಚೆಂಡು ಎಸೆಯತೊಡಗಿದೆ. ಹೀಗೆ ನನಗೂ ಆ ಆಟ ಒಂದಿಷ್ಟು ಬಂತು, ಎಸೆಯುವ ಕಡೆಯಿಂದ.

ರಾಕೆಟ್ಟನ್ನು ನೆಲದ ಮೇಲೆ ಮಲಗಿಸಿ, ಮೇಲಿಂದ ಹಾಗೇ ಹಿಡಿದು ಎತ್ತಬೇಕು. ಅದೇ ಹಿಡಿತ. ಬಲಗಡೆ ಬಂದರೂ ಎಡಗಡೆ ಬಂದರೂ ಹೊಡೆಯುವುದು ಅದೇ ಒಂದು ಮುಖದಿಂದ. ಚೆಂಡು ನೆಲಕ್ಕೆ ಬಿದ್ದು, ಎದ್ದು, ಮತ್ತೆ ಇಳಿಯುವವರೆಗೆ ಕಾಯಬೇಕು. ಆಗ ಮುಂಗಾಲು ಇಟ್ಟು, ಮಂಡಿ ಬಗ್ಗಿಸಿ, ಕೆಳಗಿನಿಂದ ಮೇಲಕ್ಕೆ ಬೀಸಬೇಕು. ಮೇಷ್ಟ್ರಿಗೆ ಕಾಯುವುದೇ ಕಷ್ಟ. ಕೊನೆಗೆ ತಾಳ ಹಾಕಿಕೊಂಡರು. "ಬಿತ್ತು, ಬಂತು, ಹೊಡಿ" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಹೊಡೆದರೆ ನಾಲ್ಕರಲ್ಲಿ ಒಂದು ಗೋಡೆಗೆ ಹೋಗುತ್ತಿತ್ತು.

ತಪ್ಪಾದದ್ದು ಇಲ್ಲಿಂದಲೇ. ಹೊಡೆದರೆ ತಾನೇ ಬರುವುದು ಎಂದು ಅವರಿಗೆ ಖಚಿತವಾಯಿತು. ಆ ಕೋರ್ಟಿನ ವಾಡಿಕೆ ಬೇರೆ. ಏಪ್ರಿಲ್‌ನಲ್ಲಿ ಸೇರಿದ ಮೊದಲ ವರ್ಷದ ಮಕ್ಕಳು, ಜುಲೈಗೆ ಬರುವ ನಮ್ಮ ಬೇಸಿಗೆಯವರೆಗೆ ಚೆಂಡು ಹೊಡೆಯುವ ಹಾಗಿಲ್ಲ. ಕೋರ್ಟಿನ ಮಣ್ಣು ಗುಡಿಸಬೇಕು, ರೋಲರ್ ಎಳೆಯಬೇಕು, ಚೆಂಡು ಹೆಕ್ಕಬೇಕು, ಗಂಟಲು ಬಿಟ್ಟು ಕೂಗಿ ಆಡುವವರಿಗೆ ಹುರುಪು ತುಂಬಬೇಕು, ಖಾಲಿ ಗಾಳಿಯಲ್ಲಿ ರಾಕೆಟ್ ಬೀಸಬೇಕು. ಮೂರನೇ ವರ್ಷದವರು ಬೇಸಿಗೆಯ ಪಂದ್ಯ ಆಡಿ ಕೋರ್ಟು ಬಿಟ್ಟುಕೊಟ್ಟ ಮೇಲೆಯೇ ಇವರ ಕೈಗೆ ಚೆಂಡು. ಮೇಷ್ಟ್ರು ಜೂನ್ ತಿಂಗಳ ಒಂದು ಸಂಜೆ ಮೊದಲ ವರ್ಷದವರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಹೆಕ್ಕಿದ್ದು ಸಾಕು, ಹೊಡೀರಿ" ಎಂದರು. ನಾನು ಆಗ ಕಾಯಿಗಳಿಗೆ ಕಾಗದದ ಚೀಲ ಕಟ್ಟುತ್ತಿದ್ದೆ. ಬೇಲಿಯ ಆಚೆ ಚಿಕ್ಕ ಮಕ್ಕಳ ನಗು ಕೇಳಿತು. ದೊಡ್ಡವರ ದನಿ ಕೇಳಲಿಲ್ಲ.

ಮರುದಿನ ಮೂರನೇ ವರ್ಷದ ಹುಡುಗಿಯರು ಒಬ್ಬರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೇಸಿಗೆ ಪಂದ್ಯ ಹತ್ತಿರ ಬಂದಿತ್ತು. ಅವರಿಗೆ ಅದೇ ಕೊನೆಯದು. ಮೇಷ್ಟ್ರು ಬೆಳಿಗ್ಗೆ ಬಂದರೂ ರಾಕೆಟ್ ಎತ್ತದೆ, ನಾನು ಕೊಟ್ಟ ಚಹಾ ಹಿಡಿದು ಕೂರುತ್ತಿದ್ದರು. ಆ ಹುಡುಗಿಯರು ಆಡದೇ ಶಾಲೆ ಮುಗಿಸಿದರೆ ಅದು ತನ್ನಿಂದಲೇ ಎಂದು ಒಮ್ಮೆ ಹೇಳಿದರು. ನಾನು ಉಪ್ಪಿನಲ್ಲಿಟ್ಟ ಪ್ಲಮ್ ಮುಂದಿಟ್ಟೆ.

ಆಮೇಲೆ ಒಂದು ಬೆಳಿಗ್ಗೆ ಅವರು ಎದ್ದು, "ಎಸೀರಿ ಅಮ್ಮಾ, ಸುಮ್ನೆ ಕೂತ್ರೆ ಇನ್ನೂ ಕೆಟ್ಟದಾಗತ್ತೆ" ಎಂದರು. ಎಸೆದೆ. ತಾಳ ತಪ್ಪಿತ್ತು, ಒಂದೂ ಗೋಡೆಗೆ ಬೀಳಲಿಲ್ಲ. ಒಂದು ಚೆಂಡು ಮರದೊಳಗೆ ಹೊಕ್ಕು, ಚೀಲ ಕಟ್ಟಿದ ಕಾಯಿಗಳ ನಡುವೆ ಸಿಕ್ಕಿಕೊಂಡಿತು. ಬಿಳಿ ಚೀಲಗಳ ನಡುವೆ ಬಿಳಿ ಚೆಂಡು. ನಾವಿಬ್ಬರೂ ತಲೆ ಎತ್ತಿ ಹುಡುಕುತ್ತಿದ್ದೆವು.

"ಎಡಗಡೆ ಕೊಂಬೇಲಿದೆ, ಮೇಷ್ಟ್ರೇ."

ಬೇಲಿಯ ಈಚೆ ಚಿಸಾಟೊ ನಿಂತಿದ್ದಳು, ತಂಡದ ನಾಯಕಿ. ಶಾಲೆಯ ಚೀಲ ಹೆಗಲಲ್ಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಮೇಷ್ಟ್ರ ಕಿವಿ ಕೆಂಪಾಯಿತು.

"ನಂಗೆ ಆಟ ಬರಲ್ಲ ಚಿಸಾಟೊ. ಏಪ್ರಿಲ್‌ನಿಂದ ಇಲ್ಲಿ ಕಲೀತಿದ್ದೀನಿ."

"ಕಾಣ್ತಿದೆ" ಎಂದಳು ಅವಳು. ಚೀಲ ಹೆಗಲಿಂದ ಇಳಿಸಿದಳು. "ನಿಮಗೆ ಆಟ ಬರಲ್ಲ ಅಂತ ನಾವು ಬರೋದು ಬಿಟ್ಟಿದ್ದಲ್ಲ ಮೇಷ್ಟ್ರೇ. ಮೊದಲನೇ ವರ್ಷ ನಾವೂ ಕೈ ಬಿರಿಯೋ ಹಾಗೆ ರೋಲರ್ ಎಳೆದ್ವಿ, ಚೆಂಡು ಹೆಕ್ಕಿದ್ವಿ. ನೀವು ಅದನ್ನ ಒಂದೇ ಮಾತಲ್ಲಿ ಗುಡಿಸಿ ಹಾಕಿಬಿಟ್ರಿ."

ಮೇಷ್ಟ್ರು ರಾಕೆಟ್ಟನ್ನು ನೆಲದ ಮೇಲೆ ಮಲಗಿಸಿದರು. ಹಿಡಿತ ಕಲಿಯುವಾಗ ಇಟ್ಟಂತೆಯೇ ಇಟ್ಟರು, ಎತ್ತಲಿಲ್ಲ.

"ಹಾಗಾದ್ರೆ ನಾನು ಮೊದಲನೇ ವರ್ಷದವನು. ನಾಳೆಯಿಂದ ಹೆಕ್ತೀನಿ. ನೀನು ಹೊಡಿ ಅನ್ನೋವರೆಗೂ ಇದನ್ನ ಮುಟ್ಟಲ್ಲ."

ಚಿಸಾಟೊ ನನ್ನ ಮುಖ ನೋಡಿದಳು. ನಾನು ಏಣಿ ಹತ್ತಿ ಚೆಂಡು ಬಿಡಿಸಿ ಅವಳ ಕೈಗೆ ಹಾಕಿದೆ.

"ಹೆಕ್ಕೋವಾಗ ಓಡ್ಬೇಕು" ಎಂದಳು ಮೇಷ್ಟ್ರಿಗೆ. "ನಡ್ಕೊಂಡು ಹೆಕ್ಕೋ ಹಾಗಿಲ್ಲ."

ಮಾರನೆಯ ದಿನ ಮೂರನೇ ವರ್ಷದವರೆಲ್ಲ ಕೋರ್ಟಿನಲ್ಲಿದ್ದರು. ಮೇಷ್ಟ್ರು ಚಿಕ್ಕ ಮಕ್ಕಳೆದುರು ನಿಂತು, ತಾನು ತಿಳಿಯದೆ ಹೇಳಿದೆ ಎಂದು ತಲೆ ಬಾಗಿಸಿದರಂತೆ. ಆಮೇಲೆ ನಾನೇ ಕಣ್ಣಾರೆ ಕಂಡೆ: ಟೈ ಇಲ್ಲ, ಕತ್ತಿಗೆ ಟವೆಲ್ಲು, ಬಲೆಯ ಬುಡದಿಂದ ಬೇಲಿಯ ಬುಡಕ್ಕೆ ಓಟ. ರೋಲರ್ ಎಳೆಯಲು ಮಕ್ಕಳು ಅವರನ್ನು ನಡುವೆ ನಿಲ್ಲಿಸಿಕೊಂಡರು. ಒಬ್ಬಳು, ಮೇಷ್ಟ್ರೇ ನಿಮ್ಮ ದನಿ ಕೇಳಿಸ್ತಿಲ್ಲ, ಸಂಗೀತದವರಾಗಿ ಹೀಗಾ ಎಂದು ಹಂಗಿಸಿದಳು. ಮಾರನೆಯ ದಿನ ಅವರ ದನಿ ನಮ್ಮ ತೋಟದ ಆ ತುದಿಗೂ ಮುಟ್ಟಿತು. ಜೋಡಿ ಆಟದಲ್ಲಿ ಹಿಂಬದಿ ನಿಲ್ಲುವ ಚಿಸಾಟೊಗೂ ಬಲೆಯ ಹತ್ತಿರ ಆಡುವ ಅವಳ ಜೊತೆಗಾತಿಗೂ ಹೊಂದಿಕೆ ತಪ್ಪಿದಾಗ ಅವರು "ಬಿತ್ತು, ಬಂತು, ಹೊಡಿ" ಹೇಳಿಕೊಟ್ಟರು. ಅಷ್ಟೇ ಅವರು ಕಲಿಸಿದ್ದು. ಹುಡುಗಿಯರು ಮೊದಲು ನಕ್ಕರು, ಆಮೇಲೆ ಬಾಯಲ್ಲಿ ಹೇಳಿಕೊಳ್ಳತೊಡಗಿದರು.

ಬೇಸಿಗೆಯ ಪಂದ್ಯದಲ್ಲಿ ಹುಡುಗಿಯರು ಎರಡನೇ ಸುತ್ತಿನಲ್ಲೇ ಸೋತರು. ಹಣ್ಣು ಕೊಯ್ಯುವ ಕಾಲ, ನಾನು ಹೋಗಲಾಗಲಿಲ್ಲ. ಸಂಜೆ ಎಲ್ಲರೂ ಕೋರ್ಟಿಗೆ ಬಂದು ಸಾಲಾಗಿ ನಿಂತು, ವಾಡಿಕೆಯಂತೆ ಕೋರ್ಟಿಗೆ ತಲೆ ಬಾಗಿಸಿದರು. ಆಮೇಲೆ ಚಿಸಾಟೊ ಮೇಷ್ಟ್ರ ಕೈಗೆ ರಾಕೆಟ್ ಕೊಟ್ಟು, "ಇವತ್ತಿಂದ ನೀವು ಹೊಡೀಬಹುದು" ಎಂದಳು. ತಾನೇ ಚೆಂಡು ಹಾಕಿದಳು. ಮೇಷ್ಟ್ರು ಕಾದರು. ಬಿದ್ದು, ಎದ್ದು, ಇಳಿಯುವವರೆಗೂ ಕಾದರು. ಚೆಂಡು ಬಲೆ ದಾಟಿತು. ಅವಳು ಹೋಗುವ ಮುನ್ನ ಎರಡನೇ ವರ್ಷದವರಿಗೆ ಒಂದು ಮಾತು ಹೇಳಿ ಹೋದಳಂತೆ: ಬರುವ ವರ್ಷದ ಹೊಸಬರಿಗೆ ದಿನದ ಕೊನೆಗೆ ಒಂದಷ್ಟು ಚೆಂಡು ಹೊಡೆಯಲು ಕೊಡಿ, ಹೆಕ್ಕಿದ ಮೇಲೆ. ಈಗಲೂ ಅದು ಹಾಗೇ ನಡೆದಿದೆ.

ಮೇಷ್ಟ್ರು ಇನ್ನೂ ಕೆಲವು ವರ್ಷ ಇಲ್ಲೇ ಇದ್ದರು. ಕೊಟ್ಟಿಗೆಯ ಗೋಡೆ ಬಿಟ್ಟು ಕೋರ್ಟಿನಲ್ಲೇ ಅಭ್ಯಾಸ ಮಾಡಿದರು, ಹದವಾಗಿ ಆಡುವಷ್ಟು ಕಲಿತರು. ಒಂದು ಮಾರ್ಚ್ ತಿಂಗಳು, ನಾನು ಹೆಚ್ಚಿನ ಮೊಗ್ಗು ಉದುರಿಸುತ್ತಿದ್ದಾಗ, ಟೈ ಕಟ್ಟಿಕೊಂಡು ಗೇಟಿನಿಂದ ಬಂದರು. ವರ್ಗವಾಗಿತ್ತು, ಬೆಟ್ಟದ ಆಚೆಯ ಶಾಲೆಗೆ. ಕಾಳಿನ ಹೂರಣದ ಸಿಹಿತಿಂಡಿಯ ಪೊಟ್ಟಣ ಕೊಟ್ಟು, ಇಷ್ಟು ವರ್ಷದ ಉಪಕಾರಕ್ಕೆ ಎಂದರು. ಅಲ್ಲಿ ಟೆನಿಸ್ ಇದೆಯಾ ಎಂದು ಕೇಳಿದೆ. ಇದೆ, ಅದಕ್ಕೆ ಆಗಲೇ ಒಬ್ಬರಿದ್ದಾರೆ, ತನಗೆ ಈಜು ಕೊಟ್ಟಿದ್ದಾರೆ ಎಂದರು. ಗೇಟಿನವರೆಗೆ ಹೋದವರು ನಿಂತರು. ತಿರುಗಿ ಬಂದು ಏಣಿಯ ಕೆಳಗೆ ನಿಂತು, ಚೆಂಡಿಗೆ ಅಪ್ಪಣೆ ಕೇಳಿದ ದಿನದ ಹಾಗೇ ತಲೆ ಬಾಗಿಸಿ ಕೇಳಿದರು:

"ಅಮ್ಮಾ, ನಿಮಗೆ ಈಜೋಕೆ ಬರುತ್ತಾ?"