ಕಾಲುಸೂಪಿನ ಅಂಟು

ಚಿಂತಾಮಣಿ ಬಸ್ ನಿಲ್ದಾಣದ ಹಿಂದೆ ಕಾಲುಸೂಪು ಮಾರುತ್ತಿದ್ದ ಸಾಹೇಬರು ಬಟ್ಟಲು ಕೊಡುವಾಗ "ಅಂಟು ನೋಡಿ ಸಾರ್" ಎನ್ನದೆ ಬಿಡುತ್ತಿರಲಿಲ್ಲ. ಯಾವ ಮೂಳೆಯನ್ನಾದರೂ ಹೆಬ್ಬೆರಳಿನಿಂದ ಸವರಿ ಕುರಿಯೋ ಮೇಕೆಯೋ ಹೇಳುತ್ತಿದ್ದರು. ಕೈವಾರದ ಬಳಿ ನಮ್ಮ ಉತ್ಖನನದಲ್ಲಿ ಸಿಕ್ಕ, ಸಾವಿರಾರು ವರ್ಷ ಹಳೆಯ ಮೂಳೆಚೂರೊಂದನ್ನು ಒಮ್ಮೆ ಅವರ ಅಂಗೈಗಿಟ್ಟೆ. ಸವರಿ, "ಕುರಿ" ಎಂದರು.

ಕೆಲವು ತಿಂಗಳ ನಂತರ, ಆ ಚೂರನ್ನು ಪರೀಕ್ಷೆಗೆ ಕಳಿಸಿದ್ದ ಪ್ರಯೋಗಾಲಯದ ಉತ್ತರ ಬಂತು.

"ಕುರಿ ಅಲ್ಲ ಸಾಹೇಬ್ರೇ, ಜಿಂಕೆ. ಸೂಪು ಆರಿದ್ರೆ ಗಟ್ಟಿಯಾಗುತ್ತಲ್ಲ, ಆ ಅಂಟೇ ಕೊಲಾಜೆನ್. ಅದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಈ ಮೂಳೇಲಿ ಇನ್ನೂ ಒಂಚೂರು ಉಳಿದಿತ್ತು, ಅದ್ರಿಂದ ಗೊತ್ತಾಯ್ತು" ಎಂದು ಚೂರನ್ನು ಮತ್ತೆ ಅವರ ಮುಂದೆ ಹಿಡಿದೆ.

ತಮ್ಮ ಮಾತು ಸುಳ್ಳಾಯಿತೆಂದು ಮುನಿದಾರು ಎಂದುಕೊಂಡಿದ್ದೆ. ಅವರು ಸೌಟು ಕೆಳಗಿಟ್ಟು, ಕೈ ತೊಳೆದು ಒರೆಸಿಕೊಂಡು, ಆ ಚೂರನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಯಾ ಅಲ್ಲಾ! ಇಷ್ಟು ವರ್ಷ ಮಣ್ಣಲ್ಲಿದ್ರೂ ಅಂಟು ಬಿಟ್ಟಿಲ್ವಾ ಸಾರ್?"